ಶ್ರಾವಣ ಸೋಮವಾರದ ಚಿಂಚಿಲ್ಲಾ

ಜಗಳೂರು
7 ಆಗಸ್ಟ್ 2025

ಸಂಗಾತಿ ಬಸೂ,

ನಿನ್ನ ಕಾಗದ ಬಂತು. ಫೋನಿನಲ್ಲಿ ನಿನ್ನ ನಂಬರನ್ನು ವರ್ಷದಿಂದ ಬ್ಲಾಕ್ ಮಾಡಿಟ್ಟಿರುವುದರಿಂದ ಅಂಚೆಯವರಿಗೆ ಒಂದಿಷ್ಟು ಕೆಲಸ ಸಿಕ್ಕಿತು, ಒಳ್ಳೆಯದೇ. ಮದುವೆಯ ದಿನ ಒಪ್ಪಿಕೊಂಡ ಹಾಗೆ ಕಾಗದದಲ್ಲಿ ‘ನೀನು’ ಎಂದೇ ಬರೆಯುತ್ತೇನೆ. ‘ರೀ’ ಎನ್ನುವುದು ನಿಮ್ಮವ್ವನ ಕಿವಿಗೆ ಮಾತ್ರ.

ಹೆಂಡತಿ ಮನೆ ಬಿಟ್ಟು ವರ್ಷವಾದ ಮೇಲೆ ಗಂಡ ಬರೆಯುವ ಮೊದಲ ಕಾಗದದಲ್ಲಿ ಏನಿರಬೇಕು? ಕ್ಷಮೆ ಇರಬಹುದು, ಜಗಳ ಇರಬಹುದು. ನಿನ್ನದರಲ್ಲಿ ಒಂದು ಇಲಿ ಇದೆ! ಚನ್ನಗಿರಿಯ ಡಾಕ್ಟರ್ ಸುಚಿತ್ರಾ ಅವರಿಗೆ ವರ್ಗವಾಯಿತಂತೆ. ಅವರ ಮನೆಯ ಎ.ಸಿ. ಬಿಚ್ಚಲು ಹೋದ ನಿನ್ನ ಕೈಗೆ ತಮ್ಮ ಚಿಂಚಿಲ್ಲಾ ಕೊಟ್ಟು, ಎರಡು ವಾರ ಇಟ್ಟುಕೊಂಡು ನೋಡಿ, ಒಗ್ಗದಿದ್ದರೆ ಶಿವಮೊಗ್ಗದಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆ ಎಂದರಂತೆ. “ದುರ್ಗಾ, ಇದು ನನಗೆ ಸರಿಹೋಗುವ ಪ್ರಾಣಿಯೇ? ಮುಖದ ಮೇಲೆ ನಿಜ ಹೇಳುವವಳು ನೀನೊಬ್ಬಳೇ” ಎಂದು ಬರೆದಿದ್ದೀಯ. ಹೇಳುತ್ತೇನೆ, ಗಟ್ಟಿಯಾಗಿ ಕೂತುಕೋ.

ಹಾಸ್ಟೆಲ್ಲಿನ ಕಂಪ್ಯೂಟರ್ ಮುಂದೆ ಹುಡುಗಿಯರನ್ನು ಕೂಡಿಸಿಕೊಂಡು ಅದರ ಜಾತಕ ಓದಿದೆ. ಅಗಲ ಕಿವಿ, ಅಳಿಲಿನ ಬಾಲ, ಮೋಡ ಹೊದ್ದಂಥ ಬೂದು ಮೈ. ಸಮುದ್ರದಾಚೆಯ ಆಂಡಿಸ್ ಬೆಟ್ಟಗಳ ಥಂಡಿಯಲ್ಲಿ, ಬಂಡೆಯ ಸಂದಿನಲ್ಲಿ ಬದುಕಿದ ಜೀವ. ಸಾಹುಕಾರರ ಹೆಂಡಂದಿರ ಒಂದು ತುಪ್ಪಳದ ಕೋಟು ಹೊಲಿಯಲು ನೂರಕ್ಕೂ ಹೆಚ್ಚು ಚಿಂಚಿಲ್ಲಾಗಳ ಚರ್ಮ ಸುಲಿಯುತ್ತಿದ್ದರಂತೆ. ಸುಲಿದು ಸುಲಿದು ಬೆಟ್ಟದಲ್ಲಿ ಅದರ ಕುಲವೇ ಅಳಿಯುವ ಹಂತಕ್ಕೆ ಬಂತು. ಇದನ್ನು ಓದಿ ಹೇಳಿದಾಗ ಎಂಟನೇ ಕ್ಲಾಸಿನವಳೊಬ್ಬಳು, “ಮಿಸ್, ಅವುಕ್ಕೆ ಒಂದು ಸಂಘ ಇರ್ಲಿಲ್ವಾ?” ಎಂದಳು. ನನ್ನ ಹುಡುಗಿಯರು ಹೀಗಿದ್ದಾರೆ ಬಸೂ. ಇವರಿಗೆ ವಾರ್ಡನ್ ಆಗಲು ನಾನು ಮನೆ ಬಿಟ್ಟದ್ದು ಸುಮ್ಮನೆ ಅಲ್ಲ.

ಈಗ ಆಗಸ್ಟ್, ಹೊನ್ನಾಳಿಯಲ್ಲಿ ಮೋಡ ಮುಚ್ಚಿರುತ್ತದೆ, ಪ್ರಾಣಿ ಹೇಗೋ ತಡೆದುಕೊಂಡಿರುತ್ತದೆ. ಮಾರ್ಚ್ ಬಂದರೆ ಏನು ಮಾಡುತ್ತೀಯ? ಇಪ್ಪತ್ತೈದು ಡಿಗ್ರಿ ದಾಟಿದರೆ ಆ ದಪ್ಪ ತುಪ್ಪಳದೊಳಗೆ ಅದು ಬೆಂದೇ ಹೋಗುತ್ತದೆ. ಊರವರ ಮನೆಯನ್ನೆಲ್ಲ ತಣ್ಣಗೆ ಮಾಡುವ ರಿಪೇರಿಯವನು ನೀನು, ನಿನ್ನ ಮನೆಯಲ್ಲಿ ಮಾತ್ರ ಎ.ಸಿ. ಇಲ್ಲ. ಏಪ್ರಿಲ್ ತಿಂಗಳ ಒಲೆ ಮುಂದೆ ನಿಮ್ಮವ್ವ ರೊಟ್ಟಿ ಬಡಿದರು, ನಾನು ಬಡಿದೆ. ಆಗ ನಿನಗೆ ಎ.ಸಿ. ನೆನಪಾಗಲಿಲ್ಲ. ಇಲಿ ಬಂದ ಮೇಲೆ ನೆನಪಾಗಿದೆ. ಆಗಲಿ, ಹಾಕಿಸು. ಆದರೆ ಕರೆಂಟು ಹೋದಾಗ? ಮನೆಯ ಸಣ್ಣ ಯುಪಿಎಸ್ ಎ.ಸಿ.ಯನ್ನು ಎಳೆಯುವುದಿಲ್ಲ ಎಂದು ನನಗೆ ಪಾಠ ಮಾಡಿದವನು ನೀನೇ.

ಅದರ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದಂತೆ, ಸದಾ ಏನನ್ನಾದರೂ ಕಡಿಯುತ್ತಿರಬೇಕು. ನಿನ್ನ ಮನೆ ತುಂಬ ವೈರು. ಒಣಹುಲ್ಲೇ ಅದರ ಊಟ. ನಿಮ್ಮವ್ವನಿಗೆ ಯಾರ ಮೇಲಾದರೂ ಪ್ರೀತಿ ಬಂದರೆ ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ, ಅದರ ಹೊಟ್ಟೆಗೆ ಎರಡೂ ಆಗವು. ಕಾಯಿಲೆ ಬಿದ್ದರೆ ನಮ್ಮ ಪಶು ಆಸ್ಪತ್ರೆಯವರು ಎಮ್ಮೆ, ಕುರಿ ನೋಡಿದವರು, ಇದನ್ನು ನೋಡಿದವರು ಎಲ್ಲಿದ್ದಾರೆ ಎಂದು ಈಗಲೇ ವಿಚಾರಿಸಿಕೋ. ಹದಿನೈದು ವರ್ಷ, ಇಪ್ಪತ್ತು ವರ್ಷ ಬದುಕುತ್ತದಂತೆ. ನಿನಗೀಗ ಐವತ್ತು. ನಾಲ್ಕು ದಿನದ ಹುರುಪಿಗೆ ತಂದು ಆಮೇಲೆ ಮೂಲೆಗೆ ತಳ್ಳುವ ಹಾಗಿಲ್ಲ.

ಎಲ್ಲಕ್ಕಿಂತ ಮುಖ್ಯ, ಹಿಕ್ಕೆ ಗುಡಿಸುವವರು ಯಾರು? ಈ ದೇಶದಲ್ಲಿ ಮನೆಗೆ ಏನೇ ಬರಲಿ, ಗಂಡಸು ತರುತ್ತಾನೆ, ಹೆಂಗಸು ಗುಡಿಸುತ್ತಾಳೆ. ನಿನ್ನ ಕೈಯಲ್ಲಿ ಪೊರಕೆ ಇಲ್ಲದಿದ್ದರೆ ಆ ಪ್ರಾಣಿ ನಿನ್ನದಲ್ಲ, ನೀನು ಬರೀ ಅದರ ಮಾಲೀಕ.

ಇನ್ನೊಂದು. ಮುದ್ದು ಮಾಡಿಸಿಕೊಳ್ಳುವ ಜೀವ ಅಲ್ಲ ಅದು. ಬಿಗಿಯಾಗಿ ಹಿಡಿದರೆ ಆ ಜಾಗದ ಕೂದಲನ್ನು ನಿನ್ನ ಕೈಯಲ್ಲೇ ಬಿಟ್ಟು ಜಿಗಿದು ಹೋಗುತ್ತದೆ. ಬರುವುದಾದರೆ ತಾನಾಗಿ ಬರಬೇಕು, ಅಲ್ಲಿಯವರೆಗೆ ನೀನು ನೆಲದ ಮೇಲೆ ಕೂತು ಕಾಯಬೇಕು. ಈ ಸಾಲನ್ನು ಎರಡು ಸಲ ಓದು.

ಮೊನ್ನೆ ಇಷ್ಟು ಬರೆದು ‘ಬೇಡ, ವಾಪಸ್ ಕೊಡು’ ಎಂದು ಮುಗಿಸುವವಳಿದ್ದೆ. ಅಷ್ಟರಲ್ಲಿ ನಿನ್ನ ತಂಗಿ ರೂಪಶ್ರೀ ಫೋನ್ ಮಾಡಿದಳು. ನಗು ತಡೆಯಲಾರದೆ ಅರ್ಧರ್ಧ ಮಾತಾಡಿದಳು. ನಿನ್ನ ಕಾಗದ ಅಂಚೆಗೆ ಬಿದ್ದ ಮೇಲೆ, ಸೋಮವಾರ ನಡೆದದ್ದನ್ನು ಅವಳ ಬಾಯಿಂದಲೇ ಕೇಳಿದೆ.

ಶ್ರಾವಣ ಸೋಮವಾರ ಆ ಮನೆಯಲ್ಲಿ ಮೀಯದೆ ಉಳಿಯುವ ವಸ್ತು ಇಲ್ಲವೆಂದು ನನಗೆ ಗೊತ್ತಿಲ್ಲವೇ? ಮನುಷ್ಯರು, ಕರು, ಹೊಸ್ತಿಲು, ನಿನ್ನ ಸ್ಕೂಟರು, ಎಲ್ಲಕ್ಕೂ ಸ್ನಾನ. ಅತ್ತೆ ಹಂಡೆ ನೀರು ಕಾಯಿಸಿ, ತಂಬಿಗೆ ತುಂಬಿಕೊಂಡು ನೇರ ಪಂಜರಕ್ಕೆ ಕೈ ಹಾಕಿದರಂತೆ. “ಬಂದು ವಾರ ಆತು, ಮೈಗೆ ಒಂದು ಹನಿ ನೀರು ಕಂಡಿಲ್ಲ ಈ ಮುಂಡೇದು. ಇದನ್ನ ಒಳಗಿಟ್ಕಂಡು ನಾನು ಪೂಜೆ ಹೆಂಗ್ ಮಾಡಾದು?”

ನೀರು ಬಿದ್ದರೆ ಆ ತುಪ್ಪಳ ಬೇಗ ಒಣಗುವುದಿಲ್ಲ, ಮೈ ಥಂಡಿಯಾಗಿ ಪ್ರಾಣಿ ಕಾಯಿಲೆ ಬೀಳುತ್ತದೆ. ಅದು ಮೀಯುವುದು ನುಣ್ಣನೆಯ ಕಲ್ಲುಪುಡಿಯಲ್ಲಿ ಹೊರಳಾಡಿ. ಅತ್ತೆಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ನೀನು ಹೇಳಿದ್ದರೆ ತಾನೇ!

ರೂಪಶ್ರೀ ಕೂಗಿದ್ದು ಕೇಳಿ ನೀನು ಅಂಗಳದಲ್ಲಿ ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು, ಕೊರಳಲ್ಲಿ ಎ.ಸಿ. ಗ್ಯಾಸಿನ ಪೈಪು ಜೋತಾಡಿಸಿಕೊಂಡು ಓಡಿ ಬಂದೆಯಂತೆ. “ಅವ್ವಾ, ಬಿಡು ಅದನ್ನ! ನೀರು ಹಾಕಬ್ಯಾಡ!”

“ಹೆತ್ತೋಳು ನಾನು. ನಂಗೇ ಹೇಳಾಕೆ ಬರ್ತೀಯೇನಲೇ?”

“ಹೇಳ್ತೀನಿ. ತಪ್ಪು ಮಾಡಿದ್ರೆ ಯಾರಿಗಾದ್ರೂ ಹೇಳ್ತೀನಿ.”

ಅತ್ತೆ ಬೆರಗಾಗಿ ಹಿಡಿತ ಬಿಗಿ ಮಾಡಿದರು, ಪ್ರಾಣಿ ಅವರ ಮುಷ್ಟಿಯಲ್ಲಿ ಒಂದು ಹಿಡಿ ಕೂದಲು ಬಿಟ್ಟು ಹಾರಿತು. ಹಾರಿದ್ದು ಎಲ್ಲಿಗೆ? ನೇರ ದೇವರ ಜಗಲಿಗೆ! ವಿಭೂತಿಯ ತಟ್ಟೆ ಮಗುಚಿ, ಚೆಲ್ಲಿದ ಪುಡಿಯಲ್ಲಿ ಅಂಗಾತ ಬಿದ್ದು, ಮಗ್ಗುಲು ಬದಲಿಸಿ ಬದಲಿಸಿ ಹೊರಳಾಡಿತಂತೆ. ನಿಮ್ಮವ್ವ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಕೂದಲು ಹಿಡಿದು ಕಲ್ಲಾಗಿ ನಿಂತರು. ಆಮೇಲೆ ಅಲ್ಲೇ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರಂತೆ. “ಅಯ್ಯೋ ಶಿವನೇ, ಇದು ನಮ್ಮ ಪೈಕಿದೇ ಕಣೋ!”

ನಾನೂ ನಕ್ಕೆ. ಹಾಸ್ಟೆಲ್ಲಿನ ಅಡುಗೆಯ ಸುಂಕಲಮ್ಮ ಸೌಟು ಹಿಡಿದೇ ಓಡಿ ಬಂದು, “ಯಾಕ್ರೀ ಮೇಡಂ, ಪಗಾರ ಜಾಸ್ತಿ ಆತಾ?” ಎಂದು ಕೇಳಿದಳು.

ನಗು ನಿಂತ ಮೇಲೆ ಮೈ ಉರಿಯಿತು. ಬೂದಿಯಲ್ಲಿ ಒಂದು ಸಲ ಹೊರಳಿದ್ದಕ್ಕೆ ಇಲಿ ನಿಮ್ಮ ಪೈಕಿ ಆಯಿತು. ಜಗಳೂರಿನ ಕೇರಿಯಿಂದ ಬಂದ ನಾನು ಹದಿನೆಂಟು ವರ್ಷ ಆ ಜಗಲಿಯ ಕೆಳಗೇ ನಿಂತೆ. ಗೋಡೆಯ ಮೇಲೆ ಬಸವಣ್ಣನ ಫೋಟೋ, ಅದರ ಕೆಳಗೆ ‘ನೀನು ಮುಟ್ಟಬ್ಯಾಡ ಕಣವ್ವ’. ವಿಭೂತಿ ನನಗೆ ಬೇಕಿರಲಿಲ್ಲ ಬಸೂ. ಬೇಡ ಎನ್ನುವುದು ನನ್ನ ಹಕ್ಕು. ಮುಟ್ಟಬೇಡ ಎನ್ನುವುದು ಯಾರ ಹಕ್ಕೂ ಅಲ್ಲ. ಹೋದ ವರ್ಷ ವಾರ್ಡನ್ ಹುದ್ದೆಯ ಆರ್ಡರ್ ಬಂದಾಗ ಅತ್ತೆ “ಕೆಲಸ ಬೇಕೋ, ಮನೆ ಬೇಕೋ” ಎಂದರು. ಊರೂರಿನ ವೇದಿಕೆ ಹತ್ತಿ ಗಂಟಲು ಹರಿಯುವ ಹಾಗೆ ಸಮಾನತೆಯ ಘೋಷಣೆ ಕೂಗಿದ ಗಂಡಸು ನೀನು, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೇ ನೋಡುತ್ತ ಕೂತೆ. ಹೆಂಡತಿಗಾಗಿ ಬಾರದ ದನಿ ಚಿಂಚಿಲ್ಲಾಕ್ಕಾಗಿ ಬಂತಲ್ಲ, ನಿನ್ನನ್ನು ಬೈಯಲೋ, ಅದಕ್ಕೆ ಹಾರ ಹಾಕಲೋ?

ನಿನ್ನೆ ಸಂಜೆ ಇನ್ನೊಂದು ಫೋನ್ ಬಂತು. ನಿಮ್ಮವ್ವ ಶಿವಗಂಗಮ್ಮನವರದು. ವರ್ಷದ ಮೇಲೆ ಮೊದಲ ಸಲ.

“ದುರ್ಗವ್ವ, ಉಂಡೇನೇ?” ಎಂದರು. ನಾನು ಹೂಂ ಎಂದೆ. “ನಿನ್ನ ಗಂಡಂದೇನು ಕೇಳ್ತೀಯ. ಅದರ ಮುಂದೆ ನೆಲದ ಮ್ಯಾಲೆ ಕೂತ್ಕಂಡು ಬಾ ಬಾ ಅಂತಾನೆ. ಅದು ತಿರುಗಿ ಸೈತ ನೋಡಾಕಿಲ್ಲ.”

“ಹಿಕ್ಕೆ ಗುಡಿಸೋರು ಯಾರು ಅತ್ತೆ?”

“ಅವನೇ. ಪೊರಕೆ ಹಿಡಿಯಾಕೂ ಬರ್ತಿರಲಿಲ್ಲ ಅವನಿಗೆ. ಈಗ ಬಗ್ಗಿ ಬಗ್ಗಿ ಗುಡಿಸ್ತಾನೆ. ನೋಡಾಕೆ ಒಂದು ಮಜಾ ಐತೆ.”

ಆಮೇಲೆ ಅತ್ತೆ ದನಿ ತಗ್ಗಿಸಿದರು. “ಜಗಲಿ ಮ್ಯಾಲೆ ಅದೇ ಹತ್ತಿ ಕುಂತೈತೆ. ಇನ್ನು ನಿಂಗೆ ಯಾವ ಬಾಯಲ್ಲಿ ಬ್ಯಾಡ ಅನ್ನಲಿ?”

“ಇಲಿ ಹತ್ತಿದ್ದಕ್ಕೆ ಸಿಗೋ ಜಾಗ ನನಗೆ ಬೇಡ ಅತ್ತೆ” ಎಂದೆ.

“ಅಂದ್ರೆ, ಮೊದಲೇ ಕೊಡಬೇಕಿತ್ತು ಅಂತೀಯ?”

“ಹೌದು.”

“ಹೌದು ಬಿಡು” ಎಂದರು. ಆಮೇಲೆ, ಅದಕ್ಕೆ ದಿನಾ ವಿಭೂತಿ ಜರಡಿ ಹಿಡಿದು ಕೊಡುತ್ತಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದರು. ಅದನ್ನು ನಿಲ್ಲಿಸು ಮಾರಾಯ! ಡಾಕ್ಟರು ಕೊಟ್ಟ ಡಬ್ಬಿಯ ಪುಡಿಯನ್ನೇ ಹಾಕು, ವಿಭೂತಿ ಅವರ ಹಣೆಗೆ ಇರಲಿ.

ಈಗ ತೀರ್ಪು. ಈ ವ್ಯವಹಾರದಲ್ಲಿ ನಿನ್ನ ಇಷ್ಟ ಕೇಳಿದ್ದಾರೆ, ನನ್ನ ಅಭಿಪ್ರಾಯ ಕೇಳಿದ್ದಾರೆ, ಆ ಪ್ರಾಣಿಯನ್ನು ಯಾರೂ ಕೇಳಿಲ್ಲ. ಅದರ ಪರವಾಗಿ ನಾನು ಹೇಳುತ್ತೇನೆ. ಎರಡು ವಾರದ ಗಡುವು ಮುಗಿಯುವುದರೊಳಗೆ ನಡುಮನೆಗೆ ಎ.ಸಿ. ಕೂರಿಸು, ಅದನ್ನು ಎಳೆಯುವ ಜನರೇಟರ್ ಇಡು, ಅಡುಗೆಮನೆಯ ಬಾಗಿಲನ್ನೂ ಆ ತಂಪಿಗೆ ತೆರೆ. ವೈರುಗಳನ್ನೆಲ್ಲ ಮೇಲೆ ಕಟ್ಟು. ಇಂಥ ಪ್ರಾಣಿಗಳಿಗೆ ಅರಣ್ಯ ಇಲಾಖೆಯಲ್ಲಿ ನೋಂದಣಿ ಇರುತ್ತದೆ, ಅದನ್ನು ಡಾಕ್ಟರನ್ನು ಕೇಳಿ ನಿನ್ನ ಹೆಸರಿಗೆ ಮಾಡಿಸು. ಆಗದಿದ್ದರೆ ಶಿವಮೊಗ್ಗದವರಿಗೆ ಕೊಟ್ಟುಬಿಡು. ಆಸೆಗೆ ಬಿದ್ದು ಒಂದು ಜೀವವನ್ನು ಬೇಯಿಸಬೇಡ. ಇಷ್ಟೂ ಮಾಡಿದೆಯೋ, ಇಟ್ಟುಕೋ. ಖುಷಿಯಿಂದ ಇಟ್ಟುಕೋ. ನಿನಗೆ ಅದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಹೆಸರು ಏನಿಡಲಿ ಎಂದೂ ಕೇಳಿದ್ದೀಯ. ನನ್ನ ಹುಡುಗಿಯರು ಚರ್ಚೆ ಮಾಡಿ ಕೈ ಎತ್ತಿ ತೀರ್ಮಾನಿಸಿದ್ದಾರೆ: ‘ಕಾಮ್ರೇಡ್’. ಅತ್ತೆ ‘ಬೂದೆಪ್ಪ’ ಎನ್ನುತ್ತಿದ್ದಾರಂತೆ. ಎರಡಕ್ಕೂ ಅದು ತಿರುಗಿ ನೋಡುವುದಿಲ್ಲ, ಬಿಡು.

ಇಂತಿ ನಿನ್ನ ಜಗಳಗಂಟಿ,
ದುರ್ಗಾಂಬಿಕಾ

ಮ.ವಿ.: ಒಂದು ವಿಷಯ ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬೇಕೆಂದೇ ಕೊನೆಗಿಟ್ಟೆ. ಹೊನ್ನಾಳಿಯ ಪಕ್ಕದ ನ್ಯಾಮತಿಯ ಹಾಸ್ಟೆಲ್ಲಿಗೆ ನನಗೆ ವರ್ಗವಾಗಿದೆ. ಹದಿನೈದನೇ ತಾರೀಖು ಇಲ್ಲೇ ಬಾವುಟ ಹಾರಿಸಿ, ಮಾರನೇ ವಾರ ಅಲ್ಲಿ ಹಾಜರಾಗುತ್ತೇನೆ. ಕೆಲಸ ಬಿಡುವ ಮಾತಿಲ್ಲ. ವಾರ್ಡನ್ ಹಾಸ್ಟೆಲ್ಲಿನಲ್ಲೇ ಇರಬೇಕು, ಹಾಗಾಗಿ ಒಂದು ಭಾನುವಾರ ನಾನು ಹೊನ್ನಾಳಿಗೆ ಬಂದರೆ ಮುಂದಿನ ಭಾನುವಾರ ನೀನು ನ್ಯಾಮತಿಯ ಬಸ್ಸು ಹತ್ತಬೇಕು. ಸೋಮವಾರದ ನಿನ್ನ ಶೌರ್ಯ ಕೇಳಿ ಕರಗಿ ಬರುತ್ತಿದ್ದೇನೆ ಎಂದು ಬೀಗಬೇಡ. ವರ್ಗಕ್ಕೆ ಅರ್ಜಿ ಹಾಕಿದ್ದು ಏಪ್ರಿಲ್‌ನಲ್ಲಿ. ಆಗ ನೀನಿನ್ನೂ ಬಾಯಿ ಬಿಟ್ಟಿರಲಿಲ್ಲ.