ಹಸಿರು ನರಿ

ಅಪ್ಪ,

ನೀನು ಹೋದಮೇಲೂ ಕೆಲವು ಸುದ್ದಿ ನಿನಗೆ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ.

ನೀನು ಓದಿ ಹೇಳುತ್ತಿದ್ದ ಕಥೆಪುಸ್ತಕದ ಮೋಟುಬಾಲದ ನರಿಯನ್ನು ಬರೆದು ಇವತ್ತು ಮಕ್ಕಳಿಗೆ ಬಣ್ಣ ಹಚ್ಚಲು ಕೊಟ್ಟೆ. ಮಗ ಹಸಿರು ಹಚ್ಚಿದ.

“ಹಸಿರು ನರಿ ಎಲ್ಲಾದ್ರೂ ಇರುತ್ತೇನೋ?” ಎಂದು ಅವನ ಅಕ್ಕ ನಕ್ಕಳು. ಅವಳಿಗಿನ್ನೂ ಹೇಳಿರಲಿಲ್ಲ. ಅವನಿಗೆ ಕಂದು ಬಣ್ಣವೂ ಹಸಿರೂ ಒಂದೇ ಥರ ಕಾಣುತ್ತವಂತೆ, ತಾಯಿಯ ತಂದೆಯಿಂದ ಬಂದಿರಬಹುದಂತೆ. ಕಣ್ಣಿನ ಡಾಕ್ಟರು ಹೋದ ವಾರವಷ್ಟೇ ಹೇಳಿದ್ದರು.

ನೀನು ಹಚ್ಚುತ್ತಿದ್ದ ನರಿಯೂ ಹಸಿರೇ. ತಮಾಷೆಗೆಂದುಕೊಂಡು ನಾನು ಬಿದ್ದು ಬಿದ್ದು ನಗುತ್ತಿದ್ದೆ. ನೀನೂ ನಗುತ್ತಿದ್ದೆ.

“ನಿಮ್ಮ ತಾತನ ನರಿನೂ ಇದೇ ಬಣ್ಣ ಕಣೋ. ಎರಡೂ ಒಂದೇ ಕಾಡಿನವು,” ಎಂದೆ. ಅವನ ಮುಖ ಊರಗಲವಾಯಿತು.

“ಹಾಗಾದ್ರೆ ನಂಗೂ ಹಸಿರು ಕೊಡು,” ಎಂದು ಅಕ್ಕ ಕೈಚಾಚಿದಳು.

ಅವನು ಡಬ್ಬಿಯೆಲ್ಲ ತಡಕಾಡಿ ಕಂದು ಕ್ರೆಯಾನ್ ಕೊಟ್ಟ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ತನ್ನ ನರಿಗೆ ಅದನ್ನೇ ಹಚ್ಚಿದಳು.

ಈಗ ಎರಡೂ ನರಿಗಳು ಗೋಡೆಯ ಮೇಲಿವೆ. ಎರಡೂ ಒಂದೇ ಬಣ್ಣ ಎಂಬುದು ಅವನ ವಾದ. ನೀನಿದ್ದಿದ್ದರೆ ಅವನ ಪಕ್ಷವೇ ವಹಿಸುತ್ತಿದ್ದೆ, ಅಪ್ಪ.