ಡ್ರಾಯರಿನಲ್ಲಿ ಉಳಿದ ಗುಂಡಿಗಳು

ಬ್ಯಾಟ್ಲಿ, ಯಾರ್ಕ್‌ಷೈರ್
ಸೋಮವಾರ, ಮಾರ್ಚ್ ೧೦

ಪ್ರೀತಿಯ ಅಮ್ಮಾ,

ವಿಟ್ಬಿಯ ಸಮುದ್ರದ ಗಾಳಿ ನಿನ್ನ ಮಂಡಿಗೆ ಒಗ್ಗುತ್ತಿದೆಯೇ? ನೋರೀನ್ ಚಿಕ್ಕಮ್ಮ ಮೂರು ಹೊತ್ತೂ ಮೀನು ಕರಿದು ಬಡಿಸಿದರೆ ಬೇಡವೆನ್ನು, ಡಾಕ್ಟರು ಹೇಳಿದ್ದು ನೆನಪಿರಲಿ. ನಿನ್ನ ಬೆಕ್ಕು ಚೆನ್ನಾಗಿದೆ. ನಾನು ಹಾಕಿದ್ದನ್ನು ಮಾತ್ರ ನನ್ನೆದುರು ತಿನ್ನುವುದಿಲ್ಲ, ನಾನು ಎದ್ದು ಹೋಗಬೇಕು. ನೀನು ಒಂದು ಮಾತೂ ಆಡದೆ ಬಸ್ಸು ಹತ್ತಿ ವಾರದ ಮೇಲಾಯಿತು. ಫೋನು ಮಾಡಿದರೆ ಚಿಕ್ಕಮ್ಮನೇ ಎತ್ತಿ, "ಅವಳು ಮಲಗಿದಾಳೆ ಕಣೇ" ಅನ್ನುತ್ತಾಳೆ. ನಡುಹಗಲಿನಲ್ಲಿ ನೀನು ಮಲಗಿದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೇ ಈ ಪತ್ರ.

ಆ ಶನಿವಾರ ನಮ್ಮ ಹಳೆವಸ್ತು ಹುಡುಕುವವರ ಕ್ಲಬ್ಬಿನಲ್ಲಿ ನಡೆದದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಲೋಹಶೋಧಕ ಹಿಡಿದು ರುಬಾರ್ಬ್ ಗಿಡಗಳ ಹೊಲದಲ್ಲೆಲ್ಲ ಅಲೆದು ಹೆಕ್ಕಿದ ಗುಂಡಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿ, ನಮ್ಮ ಜಿಲ್ಲೆಯ ರೆಜಿಮೆಂಟು ಒಂದು ಕಾಲಕ್ಕೆ ಅಲ್ಲಿ ಬೀಡುಬಿಟ್ಟಿತ್ತು ಎಂದು ನಾನು ವಿವರಿಸುತ್ತಿದ್ದೆ. ಕಾರ್ಯದರ್ಶಿ ಜೆಫ್ ಆರ್ಮಿಟೇಜ್, "ಏನ್ರೀ ಲೋರ್ನಾ, ನಾವು ಬಿಯರ್ ಬಾಟ್ಲಿ ಮುಚ್ಚಳ ಹೆಕ್ಕೋ ಹೊತ್ಗೆ ನೀವು ಪಟಾಲಮ್ಮನ್ನೇ ಎತ್ಕೊಂಡ್ ಬಂದ್ರಲ್ಲ!" ಎಂದು ಎಲ್ಲರನ್ನೂ ನಗಿಸಿದರು. ಆಗ ಹಿಂದಿನ ಸಾಲಿನಿಂದ ನೀನು, "ಹದ್ದಿನ ಗುಂಡಿಗಳೆಲ್ಲೇ? ಆ ರಷ್ಯಾದವು? ನಮ್ಮ ಅಡಾ ಅಜ್ಜಿ ಚಿಂದಿ ಶೆಡ್ಡಲ್ಲಿ ಅಂಥವನ್ನೇ ದಿನಾ ಕತ್ತರಿಸ್ತಿದ್ಲು!" ಎಂದೆ. ಎಷ್ಟು ಹೆಮ್ಮೆಯಿಂದ ಎಂದೆ! ನಾನು ಸಭೆಯ ಕಡೆ ತಿರುಗಿ, "ಅಮ್ಮನಿಗೆ ಈಚೆಗೆ ಮರೆವು, ಏನೇನೋ ಹೇಳ್ತಾರೆ" ಎಂದು ನಕ್ಕುಬಿಟ್ಟೆ. ಯಾರೋ ನಿನ್ನ ಕೈಗೆ ಟೀ ಕೊಟ್ಟು, ಕಾಯಿಲೆಯವರನ್ನು ಕೂರಿಸುವ ಹಾಗೆ ಭುಜ ಹಿಡಿದು ಕೂರಿಸಿದರು. ನೀನು ಕೂತೆ. ಆ ಟೀ ಕುಡಿಯಲಿಲ್ಲ.

ನಿನಗೆ ಮರೆವಿಲ್ಲ ಅಮ್ಮಾ. ಅದೇ ಹೊಲದಲ್ಲಿ ಸಿಕ್ಕ ಹದ್ದಿನ ಗುಂಡಿಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ತೋರಿಸಿದವಳೇ ನಾನು. ಎರಡು ತಲೆಯ ರಷ್ಯನ್ ಹದ್ದು, ಉರಿಯುವ ಕೈಬಾಂಬಿನ ಗುರುತಿದ್ದ ಫ್ರೆಂಚ್ ಗುಂಡಿ, ಕಿರೀಟದ ಜರ್ಮನ್ ಗುಂಡಿ, ನಡುವೆ ಟ್ರಾಮ್ ಕಂಡಕ್ಟರನದೂ ಒಂದು. ಇವರೆಲ್ಲ ಒಂದೇ ಹೊಲದಲ್ಲಿ ಬೀಡುಬಿಟ್ಟ ಯುದ್ಧ ಯಾವುದೂ ಇಲ್ಲ. ಮೇಲಾಗಿ ಕೆಲವು ಗುಂಡಿಗಳ ಹಿಂದಿನ ಕೊಂಡಿಯಲ್ಲಿ ಬಟ್ಟೆಯ ಚೂರು ಹಸಿರು ಕಿಲುಬಿಗೆ ಅಂಟಿಕೊಂಡು ಉಳಿದಿತ್ತು, ಅಂಚು ನೇರವಾಗಿ ಕತ್ತರಿಸಿದ ಹಾಗೆ. ಕಿತ್ತು ಬಿದ್ದ ಗುಂಡಿ ಹಾಗಿರುವುದಿಲ್ಲ. ದೇಶದೇಶಗಳ ಹಳೆಯ ಸಮವಸ್ತ್ರಗಳು ಹಡಗಿನಲ್ಲಿ ಬಂದು ನಮ್ಮೂರ ಗಿರಣಿ ಸೇರುತ್ತಿದ್ದವು. ಚಿಂದಿ ಶೆಡ್ಡಿನಲ್ಲಿ ಹೆಂಗಸರು ಗುಂಡಿ ಕತ್ತರಿಸಿ ತೆಗೆದ ಮೇಲೆ ಉಣ್ಣೆಯನ್ನು ಸಿಗಿದು ಹೊಸ ಬಟ್ಟೆ ನೇಯುತ್ತಿದ್ದರು; ಉಳಿದ ಧೂಳು, ಚೂರು ರುಬಾರ್ಬಿಗೆ ಗೊಬ್ಬರವಾಗಿ ಹೋಗುತ್ತಿತ್ತು. ಕೈತಪ್ಪಿದ ಗುಂಡಿಗಳೂ ಅದರ ಜೊತೆಗೇ ಹೋದವು. ಇಷ್ಟೆಲ್ಲ ತಿಳಿದೂ ನಮ್ಮ ರೆಜಿಮೆಂಟಿನವನ್ನು ಮಾತ್ರ ಆರಿಸಿ ಪೆಟ್ಟಿಗೆಗೆ ಹಾಕಿ, ಮಿಕ್ಕಿದ್ದನ್ನು ಡ್ರಾಯರಿಗೆ ತಳ್ಳಿದೆ. ಯಾಕೆ? ಒಳ್ಳೆಯ ಕಥೆಯ ಆಸೆಗೆ ಎಂದು ಮೊದಲು ನನಗೇ ಹೇಳಿಕೊಂಡೆ. ಅದು ನಿಜವಲ್ಲ. ಚಿಂದಿ ಎಂದರೆ ಶೆಡ್ಡು ಅನ್ನಬೇಕು, ಶೆಡ್ಡು ಎಂದರೆ ಮೂಗಿಗೆ ಬಟ್ಟೆ ಕಟ್ಟಿ ಧೂಳಿನಲ್ಲಿ ಕೂತವರು ನಮ್ಮವರೇ ಅನ್ನಬೇಕು. ಜೆಫ್‌ನಂಥವರ ಎದುರು ಅದನ್ನು ಹೇಳಲು ನನಗೆ ನಾಚಿಕೆಯಾಯಿತು. ಈಗ ಆ ನಾಚಿಕೆಗೇ ನಾಚಿಕೆಯಾಗುತ್ತಿದೆ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಗಾಳಿ ಜೋರಿದ್ದರೆ ಬಂದರಿನ ಮೆಟ್ಟಿಲು ಇಳಿಯಬೇಡ.

ತಲೆ ತಗ್ಗಿಸಿದ ನಿನ್ನ ಮಗಳು,
ಲೋರ್ನಾ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಈಗತಾನೆ ಜೆಫ್‌ಗೆ ಫೋನು ಮಾಡಿ, "ಬೀಡೂ ಇಲ್ಲ ಗೀಡೂ ಇಲ್ಲ, ಎಲ್ಲ ಚಿಂದೀಲಿ ಬಂದಿದ್ದು" ಅಂದೆ. "ಮತ್ತೆ ನಿಮ್ಮಮ್ಮ ಅವತ್ತು..." ಅಂದರು. "ಸರಿಯಾಗೇ ಹೇಳಿದ್ರು. ಅವರಿಗೆ ಮರೆವಿಲ್ಲ, ನಾನೇ ಸುಳ್ಳು ಹೇಳ್ದೆ" ಅಂದೆ. ಅದಕ್ಕೆ ಜೆಫ್, "ಇದನ್ನ ಎಲ್ಲರ ಮುಂದೆ ಹೇಳ್ಬೇಕಾಗತ್ತೆ ಲೋರ್ನಾ" ಅಂದರು. ಈ ಶನಿವಾರ ಹೇಳುತ್ತೇನೆ. ಬಾ ಎಂದು ಯಾವ ಮುಖ ಇಟ್ಟುಕೊಂಡು ಕರೆಯಲಿ? ಆದರೆ ಗುಂಡಿ ಕತ್ತರಿಸಿದವರ ಹೆಸರು ಹಾಕಲೆಂದು ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ 'ಅಡಾ' ಎಂದು ಬರೆದು ಅಲ್ಲೇ ನಿಂತಿದ್ದೇನೆ. ಅವಳ ಪೂರ್ತಿ ಹೆಸರು ಏನಮ್ಮಾ? ನಾನು ಯಾವತ್ತೂ ಕೇಳಿಯೇ ಇಲ್ಲ. ಚಿಕ್ಕಮ್ಮನಿಗೂ ಗೊತ್ತಿದ್ದೀತು. ನಿನ್ನನ್ನೇ ಕೇಳುತ್ತಿದ್ದೇನೆ.