ಉಪದೇಶದ ಹಾಳೆಗಳ ಹಿಂಬದಿ

ಅಚ್ಚುಮನೆಯ ಮಹಡಿ,
ಹನ್ನೊಂದನೇ ತಾರೀಖು, ಮಂಗಳವಾರ

ಪ್ರೀತಿಯ ಅಜ್ಜಿ,

ಕಾಲುನೋವು ಹೇಗಿದೆ? ಕೋಲಿಲ್ಲದೆ ಅಡುಗೆಮನೆಗೆ ಹೋಗಿ ಬಂದೆಯಂತೆ, ಚಿಕ್ಕಮ್ಮ ಫೋನಿನಲ್ಲಿ ದೂರು ಹೇಳಿದಳು. ನಿನ್ನ ಹಟಕ್ಕೆ ಮದ್ದಿಲ್ಲ. ಇರಲಿ, ಒಂದು ಕಡೆ ಕೂತು ಇದನ್ನು ಓದು: ನಾವು ಗೆದ್ದೆವು! ಅಜ್ಜನ ಪುಸ್ತಕದಲ್ಲಿ ಉಪದೇಶಗಳ ಜೊತೆಗೆ ಪ್ರೇಮಕವನಗಳೂ ಬರುತ್ತವೆ.

ಚರ್ಚಿನ ಹಿರಿಯರಾದ ನಮ್ಮ ಅಚ್ಚುಮನೆಯ ಕರಡು ತಿದ್ದುವ ಮೇಷ್ಟ್ರು ಮೊದಲು ಸುತರಾಂ ಒಪ್ಪಲಿಲ್ಲ. "ಅದೆಲ್ಲ ಹುಡುಗಾಟದ ವಯಸ್ಸಿಂದು. ಪಾದ್ರಿ ಆದ್ಮೇಲೆ ಅವರು ಬಿಟ್ಬಿಟ್ಟಿದ್ರು" ಎಂದರು. ನೀನೂ ಅದನ್ನೇ ಹೇಳುತ್ತಿದ್ದೆಯಲ್ಲ, "ದೀಕ್ಷೆ ತಗೊಂಡ್ಮೇಲೆ ನನಗೆ ಅಂತ ಒಂದು ಸಾಲೂ ಬರೀಲಿಲ್ಲ, ಎಲ್ಲಾ ದೇವರ ಪಾಲಾಯ್ತು" ಎಂದು. ನಲವತ್ತು ವರ್ಷದ ಕೊರಗು ಅದು, ನಾನೂ ನಂಬಿದ್ದೆ. ಕರಡು ತಿದ್ದಲು ಉಪದೇಶದ ಕಟ್ಟು ಬಿಚ್ಚಿ ಒಂದು ಹಾಳೆ ಮಗುಚಿದರೆ, ಹಿಂದೆ ಕವನ! ಮುಂದಿನದರ ಹಿಂದೆಯೂ ಕವನ. ಹಾಳೆಯ ಎರಡೂ ಬದಿಗೆ ಒಂದೇ ಶನಿವಾರದ ತಾರೀಖು: ಬೆಳಿಗ್ಗೆ ನಿನಗೆ ಕವನ, ಸಂಜೆ ಊರಿಗೆ ಉಪದೇಶ. ಈ ಬದಿಯಲ್ಲಿ "ಕೋಪ ಬಿಡಿರಿ" ಎಂದು ಊರನ್ನೇ ಗದರುವ ಮಹಾಶಯರು, ಆ ಬದಿಯಲ್ಲಿ ನಿನ್ನ ಕೋಪಕ್ಕೆ ಸಲಾಂ ಹೊಡೆದಿದ್ದಾರೆ. ಓದುತ್ತಾ ಅತ್ತೆ, ನಕ್ಕೆ, ಮತ್ತೆ ಅತ್ತೆ.

ನಿನ್ನೆ ಪುಸ್ತಕದ ಸಭೆಯಲ್ಲಿ ಮೇಷ್ಟ್ರಿಗೆ ಒಂದು ತುಣುಕು ಓದಿದೆ: "ನೀನು ಬಾಗಿಲು ತೆರೆಯುವ ತನಕ ಹೊರಗೇ ನಿಲ್ಲುತ್ತೇನೆ. ಕಿಟಕಿಯಲ್ಲಿ ನಿನ್ನ ದೀಪ ಕಾಣುತ್ತಿದ್ದರೆ ಚಳಿ ನನಗೇನು ಮಾಡೀತು?" ಮೇಷ್ಟ್ರು ಕಣ್ಣೊರೆಸಿಕೊಂಡು, "ಆಮೆನ್! ದೇವರ ತಾಳ್ಮೆ ಅಂದ್ರೆ ಇದು" ಎಂದರು. ಅದು ಅಜ್ಜ ಊಟಕ್ಕೆ ತಡವಾಗಿ ಬಂದು, ನೀನು ಚಿಲಕ ಹಾಕಿಕೊಂಡ ದಿನದ ಕವನ ಎಂದು ಹೇಳಿ ಹಾಳೆ ತಿರುಗಿಸಿ ತೋರಿಸಿದೆ. ಉಪದೇಶದಲ್ಲಿ ದೇವರು ಕಾಯುತ್ತಿದ್ದಾನೆ, ಕವನದಲ್ಲಿ ಅಜ್ಜ. ಬಾಗಿಲು ಮಾತ್ರ ಒಂದೇ. ಮೇಷ್ಟ್ರು ಅಲ್ಲೇ ಒಪ್ಪಿಗೆಯ ರುಜು ಹಾಕಿದರು.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಕೋಲು ಬಿಟ್ಟು ಓಡಾಡಬೇಡ.

ನಿನ್ನ ಮೊಮ್ಮಗಳು,
ಚಿಟ್ಟೆ

ಮರೆತಿದ್ದೆ: ಉಪದೇಶ ಓದುವಾಗ ಅಜ್ಜ ಹಾಳೆಯನ್ನು ಮೂಗಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದರಲ್ಲ? ದೃಷ್ಟಿ ಮಂದವಾಯಿತೆಂದು ನೀನು ಎರಡು ಸಲ ಅವರ ಕನ್ನಡಕ ಬದಲಾಯಿಸಿದೆ. ಕಣ್ಣು ಸರಿಯಾಗಿಯೇ ಇತ್ತು ಅಜ್ಜಿ. ಕವನದ ಬದಿ ಪ್ರತಿ ಭಾನುವಾರವೂ ಮೊದಲ ಬೆಂಚಿಗೆ, ನಿನ್ನ ಮುಖಕ್ಕೇ ನೇರವಾಗಿತ್ತು. ನೀನೋ, ಅವರು ಹಾಳೆ ಎತ್ತಿದೊಡನೆ ಭಕ್ತಿಯಿಂದ ಕಣ್ಣು ಮುಚ್ಚಿಬಿಡುತ್ತಿದ್ದೆ!